ಮೂರನೆಯ ನುಡಿ

ಸೂಪರ್ ಎನ್ನುವ ಮಾತನ್ನು ನಮ್ಮೂರಿಗೆ ಯಾವನು ತಂದನೋ, ಅವನ ಬಾಯಿಗೆ ಮಣ್ಣು ಹಾಕಬೇಕು. ಗುಡೂರಿನಲ್ಲಿ ಈಗ ಎಲ್ಲವೂ ಸೂಪರ್. ಮಿರ್ಚಿ ಭಜಿ ಸೂಪರ್, ಪಂಚಾಯ್ತಿ ಗೋಡೆಗೆ ಬಳಿದ ಬಣ್ಣ ಸೂಪರ್, ಸತ್ತವರ ಮನೆಯಲ್ಲಿ ಉಂಡ ಊಟವೂ ಸೂಪರ್. ನನ್ನ ಹೆಂಡತಿ ಲಾಡಬಿ ತೀರಿದ ಮೇಲೆ ನಾನು ಒಂದು ಪದ ಕಟ್ಟಿ ಮೇಳದ ಹುಡುಗರ ಮುಂದೆ ಹಾಡಿದೆ. ಅದಕ್ಕೂ ಅದೇ ಮಾತು. "ಕಾಕಾ, ಸೂಪರ್ ರೀ!" ಎಂದು ಸಂಜು ಹೆಬ್ಬೆರಳು ಎತ್ತಿ ತೋರಿಸಿದ. ಆ ಹೆಬ್ಬೆರಳನ್ನು ಮುರಿದು ಅವನ ಕೈಗೇ ಕೊಡಬೇಕು ಅನ್ನಿಸಿತು ನನಗೆ.

ನಾನು ಅಹ್ಮದಸಾಬ. ಗಾದಿ ಹೊಲಿಯುವುದು ನನ್ನ ಕಸುಬು, ಮೊಹರಂ ಪದ ಕಟ್ಟುವುದು ನನ್ನ ಚಟ. ಮೊಹರಮ್ಮಿನಲ್ಲಿ ಬೆಂಕಿ ಹಾಕುವ ಕುಣಿಗೆ ನಮ್ಮ ಕಡೆ ಅಲಾವಿ ಎನ್ನುತ್ತಾರೆ. ಅದರ ಸುತ್ತ ಹೆಜ್ಜೆ ಹಾಕುತ್ತ, ಕರ್ಬಲದಲ್ಲಿ ನೀರಿಲ್ಲದೆ ಸತ್ತವರ ದುಃಖವನ್ನು ನಮ್ಮ ಕನ್ನಡದಲ್ಲಿ ಹಾಡುತ್ತೇವೆ. ಮೇಳದಲ್ಲಿ ನಮ್ಮವರಿದ್ದಾರೆ, ಲಿಂಗಾಯತರಿದ್ದಾರೆ, ಕುರುಬರಿದ್ದಾರೆ. ಸಂಜುವಿನ ಅಜ್ಜ ಮುದಕಪ್ಪ ನನಗೆ ಹೆಜ್ಜೆ ಕಲಿಸಿದವನು. ಸಂಜುವಿಗೆ ಈಗ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇದೆ, ಅದರ ಜೊತೆಗೆ ಒಂದು ಯೂಟ್ಯೂಬ್ ಚಾನೆಲ್ಲೂ ಇದೆ.

ಲಾಡಬಿ ಹೋದದ್ದು ಒಂದು ನಡುಮಧ್ಯಾಹ್ನ. ಅಡುಗೆಮನೆಯ ಬಾಗಿಲಲ್ಲಿ ಕುಳಿತಿದ್ದಳು. ನಾನು ಪಡಸಾಲೆಯಲ್ಲಿ ಗಾದಿಯ ಅಂಚು ಹೊಲಿಯುತ್ತಿದ್ದೆ. "ಹಾಲು ಉಕ್ಕತೈತಿ, ನೋಡ್ರಿ" ಅಂದಳು. ತಾನೇ ಏಳುವುದು ಬಿಟ್ಟು ನನಗೆ ಹೇಳುತ್ತಾಳಲ್ಲ ಎಂದು ಗೊಣಗುತ್ತ ಎದ್ದು ಹೋಗಿ ಗ್ಯಾಸ್ ಆರಿಸಿ ಬಂದೆ. ಬರುವಷ್ಟರಲ್ಲಿ ಗೋಡೆಗೆ ತಲೆ ಆನಿಸಿದ್ದಳು. ಅಷ್ಟೇ. ಒಂದು ಮಾತಿಲ್ಲ, ಕತೆಯಿಲ್ಲ. ಹೀಗೂ ಹೋಗುತ್ತಾರೇನು ಮನುಷ್ಯರು?

ನನಗೆ ಅಳಲು ಬರಲಿಲ್ಲ. ಬಂದದ್ದು ಪದ. ಬೀಬಿ ಫಾತಿಮಾ ತೀರಿದ ಮೇಲೆ ಅವಳ ಗಂಡ ಅಲಿ ಮೌಲಾ ಮನೆಗೆ ಬರುತ್ತಾನೆ, ಅದು ಅದರ ವಸ್ತು. ಹೆಸರು ಅವರದು, ಮನೆ ನನ್ನದು. ನಾಲ್ಕು ನುಡಿಯ ಪದ. ಎರಡನೆಯ ನುಡಿ ಹೀಗಿತ್ತು:

ಬಾಗಿಲ ತಗದೈತಿ, ಮನಿಯಾಗ ದನಿಯಿಲ್ಲ
ಬೀಸುಕಲ್ಲಿನ ಮ್ಯಾಲ ಅರ್ಧ ಬೀಸಿದ ಜ್ವಾಳ
ಗೂಟ ಹಿಡದು ಇನ್ನ ತಿರುವವರು ಯಾರೋ

ಇದು ನಿಂತಿದೆ ಎಂದು ನನಗೆ ಗೊತ್ತಿತ್ತು. ಆದರೆ ಮೂರನೆಯ ನುಡಿ! ಅದರಲ್ಲಿ ತೀರಿಹೋದ ಬೀಬಿ ಗಂಡನಿಗೆ ಹೇಳುತ್ತಾಳೆ:

ಅಳಬ್ಯಾಡ ನನ ರಾಯಾ, ಕಣ್ಣೀರ ಸುರಿಸಬ್ಯಾಡ
ಜನ್ನತ್ತಿನ ಬಾಗಲಾಗ ದಾರಿಯ ಕಾಯತೇನಿ
ಅಗಲಿಕಿ ಇಲ್ಲದಂಗ ಅಲ್ಲೆ ಕೂಡೂನು

ಸ್ವರ್ಗದ ಮಾತು, ಕೇಳಲು ಇಂಪಾಗಿದೆ. ಹಾಡಿದರೆ ಎದೆ ಹಗುರಾಗುತ್ತದೆ. ಆದರೂ ಅಲ್ಲೇನೋ ತಪ್ಪಿತ್ತು. ಊಟದಲ್ಲಿ ಕೂದಲು ಬಾಯಿಗೆ ಸಿಕ್ಕ ಹಾಗೆ. ನಾಲಿಗೆಗೆ ತಾಗುತ್ತದೆ, ಬೆರಳಿಗೆ ಸಿಗುವುದಿಲ್ಲ. ಶಬ್ದ ಬದಲಿಸಿದೆ, ಧಾಟಿ ಬದಲಿಸಿದೆ, ಎತ್ತರಿಸಿ ಹಾಡಿದೆ, ಇಳಿಸಿ ಹಾಡಿದೆ. ಕೂದಲು ಹೋಗಲಿಲ್ಲ. ಮೇಳದವರನ್ನು ಒಬ್ಬೊಬ್ಬರನ್ನೇ ಹಿಡಿದು ಕೇಳಿದೆ. "ಅದೇ ನುಡಿನೇ ಭಾರೀ ಐತಿ ಕಾಕಾ" ಅಂದರು. ಹಾಳಾಗಿ ಹೋಗಲಿ ಇವರ ಕಿವಿ!

ಬರುವ ಶುಕ್ರವಾರ ಆ ಪದವನ್ನು ರೆಕಾರ್ಡ್ ಮಾಡುವುದೆಂದು ಸಂಜು ಗೊತ್ತುಮಾಡಿದ್ದ. ಮುಂದೆ ಹಾಕುವ ಹಾಗೂ ಇರಲಿಲ್ಲ. ನನ್ನ ಗಂಟಲು ಹೋಗುತ್ತಿದೆ. ವರ್ಷಗಟ್ಟಲೆ ಹತ್ತಿಯ ಧೂಳು ಕುಡಿದ ಗಂಟಲು ಅದು. ಬಾಗಲಕೋಟೆಯ ದವಾಖಾನೆಯಲ್ಲಿ ತೋರಿಸಿದಾಗ, "ಇನ್ನ ಹಾಡೂದ ಸಾಕ್ರಿ ಅಜ್ಜಾರ" ಎಂದು ಡಾಕ್ಟರು ನಕ್ಕೊಂಡೇ ಹೇಳಿಬಿಟ್ಟರು. ಅಂದರೆ ಇದು ನನ್ನ ಕಡೆಯ ಪದ. ಲಾಡಬಿಯ ಹೆಸರಿನಲ್ಲಿ ಉಳಿಯುವುದೂ ಇದೊಂದೇ. ಅದು ಕೂದಲಿನ ಸಮೇತ ಉಳಿಯುವುದು ನನಗೆ ಬೇಡವಾಗಿತ್ತು.

ಆ ಕೂದಲನ್ನು ಹಿಡಿದು ಹೊರಗೆ ಎಳೆಯುವ ಮನುಷ್ಯ ಒಬ್ಬನೇ ಇದ್ದ. ಗುಳೇದಗುಡ್ಡದ ಚಂದ್ರಶೇಖರಪ್ಪ.

ಅವನು ಕುಪ್ಪಸದ ಖಣ ನೇಯುವವನು. ಅವನೂ ಮೊಹರಂ ಪದದ ಕವಿ, ನಮ್ಮೆದುರಿನ ಮೇಳದ ಕವಿ. ಅವರ ಮೇಳ ನಮ್ಮ ಅಲಾವಿಗೆ ಬರುತ್ತಿತ್ತು, ನಾವು ಅವರಲ್ಲಿಗೆ ಹೋಗುತ್ತಿದ್ದೆವು. ನಾವು ಒಂದು ಪದ ಹಾಡಿದರೆ ಅದರಲ್ಲಿಯ ತಪ್ಪನ್ನು ಹಿಡಿದು ಅವರು ಪದದಲ್ಲೇ ಉತ್ತರ ಕೊಡಬೇಕು, ಅವರದಕ್ಕೆ ನಾವು. ಅದು ಪದ್ಧತಿ. ಮಂದಿ ಕೇಳಲು ಬರುತ್ತಿದ್ದದ್ದೇ ಅದಕ್ಕೆ.

ಒಂದು ವರ್ಷ ನಾನು ಹಾಲುಗೂಸಿನ ಪದ ಕಟ್ಟಿದ್ದೆ. ಕರ್ಬಲದ ಮರಳಿನಲ್ಲಿ ಕೂಸು ನೀರಡಿಸಿ ಅಳುತ್ತದೆ, ತಾಯಿಯ ಎದೆಯಲ್ಲಿ ಹಾಲಿಲ್ಲ, ಕೊಡದಲ್ಲಿ ನೀರಿಲ್ಲ. ಅಲ್ಲಿ ನಾನು ಹಾಡಿದ್ದೆ:

ಹಡದವ್ವನ ಕಣ್ಣೀರು ಹೊಳಿಯಾಗಿ ಹರದೀತ
ಕರ್ಬಲದ ಮರಳಾಗ ದಂಡಿಯ ಮೀರೀತ

ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಉಬ್ಬಿಹೋದೆ. ಆಗ ಚಂದ್ರಶೇಖರಪ್ಪ ಎದ್ದ. ಟೋಪಿ ಸರಿಮಾಡಿಕೊಂಡ. ಹೆಜ್ಜೆ ಹಾಕುತ್ತ ಹಾಡಿದ:

ಹೊಳಿಯನ್ನ ಹರಿಸಿದೆಲ್ಲೋ ಗುಡೂರ ಕವಿರಾಯ
ಬೊಗಸಿ ನೀರ ಕೂಸಿಗಿ ಕುಡಿಸಲಿಲ್ಯಾಕೋ
ಹೊಳಿ ದಂಡ್ಯಾಗ ಕೂಸಿನ್ನ ನೀರಡಿಸಿ ಕೊಂದಿ
ಇಂಥ ಕಟುಕ ನೀ ಎಲ್ಲಿ ಹುಟ್ಟಿದ್ಯೋ

ಮಂದಿ ಬಿದ್ದು ಬಿದ್ದು ನಕ್ಕಿತು. ಈಗಷ್ಟೇ ಅತ್ತ ಹೆಂಗಸರೂ ನಕ್ಕರು. ಲಾಡಬಿಯೂ ನಕ್ಕಳು, ನಾನು ನೋಡಿದೆ. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದೆ.

ಮರುದಿನ ಮುಂಜಾನೆ ಚಹಾದ ಅಂಗಡಿಯಲ್ಲಿ ಅವನು ಬಂದು ನನ್ನ ಬೆಂಚಿನ ಮೇಲೆಯೇ ಕುಳಿತ. ಅದೂ ಪದ್ಧತಿಯೇ, ಆದರೆ ಅದು ನಮ್ಮಿಬ್ಬರದೇ ಪದ್ಧತಿ. ಅಲಾವಿಯ ಮುಂದೆ ಮಾನ ಕಳೆಯುವುದು, ಮುಂಜಾನೆ ಚಹಾದ ಮುಂದೆ ದಾರಿ ತೋರಿಸುವುದು.

"ಲೇ ಅಹ್ಮದ್ಯಾ, ಸಿಟ್ಟಾಗಿ ಏನು?"

"ಹೋಗಲೇ ಅತ್ತಾಗ" ಅಂದೆ.

"ಕೇಳಿಲ್ಲೆ. ನೀರ ಕಾಣದಾಕಿ ಕಣ್ಣಾಗ ನೀರ ಎಲ್ಲಿಂದ ಬರ್ತೈತಿ? ಹೊಳಿ ತಗದು ಒಗಿ. ಒಣಗಿದ ಕಣ್ಣ ಹಾಡು. ಆಕಿ ಅಳಾಕ ಆಗವಲ್ದು, ಅದು ದುಃಖ."

ಆ ಪದದಲ್ಲೇ ಇನ್ನೊಂದು ಕಡೆ ತಾಯಿ ತನ್ನ ಇಳಕಲ್ ಸೀರೆಯ ಸೆರಗಿನಿಂದ ಕೂಸಿನ ಬಾಯಿ ಒರೆಸುತ್ತಾಳೆ ಎಂದಿತ್ತು. ಅರಬಸ್ತಾನದವಳಿಗೆ ಇಳಕಲ್ ಸೀರೆ ಉಡಿಸಿದ್ದಾನೆಂದು ನಮ್ಮ ಮೇಳದವರೇ ಆಡಿಕೊಂಡಿದ್ದರು. "ಅದನ್ನೂ ತಗೀತೇನಿ ಬಿಡು" ಅಂದೆ.

ಅವನು ಚಹಾದ ಬಸಿಯನ್ನು ಕೆಳಗಿಟ್ಟ. "ಅದನ್ನ ಮುಟ್ಟಿದ್ರ ಕೈ ಕಡೀತೇನಿ ನೋಡು. ಆ ಸೆರಗು ನೀ ಕಂಡದ್ದು. ಹೊಳಿ ನೀ ಕೇಳಿದ್ದು. ಕಂಡದ್ದ ಇಟ್ಕೋ, ಕೇಳಿದ್ದ ಬಿಡು."

ಹೊಳೆ ತೆಗೆದೆ, ಒಣಗಿದ ಕಣ್ಣು ಹಾಕಿದೆ. ಇವತ್ತಿಗೂ ಹುನಗುಂದದ ಕಡೆ ಆ ಪದ ಹಾಡುತ್ತಾರೆ. ಆ ಹಾಡನ್ನು ತಿದ್ದಿ ಮುಂದಿನ ವರ್ಷ ಅವನೆದುರೇ ಹಾಡಿದಾಗ, ಈಗಲಾದರೂ ಭೇಷ್ ಅಂತಾನೆ ಎಂದು ಕಾದೆ. "ಇನ್ನೊಂದ ನುಡಿ ಕಡಿಮಿ ಆಗಬೇಕಿತ್ತು" ಅಂದ. ಅವನ ಜಾತಕದಲ್ಲೇ ಭೇಷ್ ಎನ್ನುವ ಮಾತಿರಲಿಲ್ಲ. ನಾನೂ ಅವನಿಗೆ ಅನ್ನಲಿಲ್ಲ. ಆದರೆ ಖರೇ ಹೇಳುತ್ತೇನೆ, ಆ ಒಂದು ಮಾತಿಗಾಗಿ ನಾನು ಅವನ ಮುಂದೆ ಜೀವಮಾನವಿಡೀ ಹಾಡಿದ್ದೇನೆ. ಮನೆಯಲ್ಲಿ ಕುಳಿತು ಪದ ಕಟ್ಟುವಾಗಲೂ ನನ್ನ ಕಿವಿಯಲ್ಲಿ ಅವನ ದನಿಯೇ. ಒಂದು ಸಾಲು ಹಗುರಾಗಿ ಬಂದರೆ ಸಾಕು, "ಲೇ, ಅರಳಿ ಹಿಂಜಿದಂಗ ಹಿಂಜಬ್ಯಾಡ" ಎಂದು ಒಳಗಿನಿಂದ ಗದರುತ್ತಿತ್ತು.

ಲಾಡಬಿಯ ಈ ಪದಕ್ಕೆ ಆ ದನಿ ಬರಲಿಲ್ಲ. ನಾವು ಕೂಡಿ ವರ್ಷಗಳಾಗಿದ್ದವು. ಅವರ ಮೇಳದ ಹುಡುಗರು ಪವರ್‌ಲೂಮು, ಅಂಗಡಿ ಎಂದು ಚದುರಿಹೋಗಿ ಮೇಳವೇ ನಿಂತಿತ್ತು. ಫೋನ್ ಮಾಡಿದಾಗಲೆಲ್ಲ ಅವನ ಹೆಂಡತಿ ಚಂದ್ರವ್ವ ಎತ್ತುತ್ತಿದ್ದಳು. "ಮಲಗ್ಯಾರ ಅಣ್ಣಾರ," "ಹೊರಗ ಹೋಗ್ಯಾರ ಅಣ್ಣಾರ." ಲಾಡಬಿಯ ಸುದ್ದಿ ಹೇಳಲು ಮಾಡಿದಾಗಲೂ ಅವಳೇ ಎತ್ತಿ ಅತ್ತಳು, ಅವನು ಬರಲಿಲ್ಲ. ನನಗೆ ಭಾಳ ಸಿಟ್ಟು ಬಂದಿತ್ತು. ಮಣ್ಣಿಗೂ ಬರದವನೆಂದು ಬಾಯಿಗೆ ಬಂದದ್ದು ಬೈದಿದ್ದೆ. ಈಗ ಆ ಸಿಟ್ಟನ್ನೆಲ್ಲ ಕಂಕುಳಲ್ಲಿ ಇಟ್ಟುಕೊಂಡು, ಬುಧವಾರ ಮುಂಜಾನೆ ಗುಳೇದಗುಡ್ಡದ ಬಸ್ಸು ಹತ್ತಿದೆ.

ಅವನ ಓಣಿಯಲ್ಲಿ ಮೊದಲು ಮನೆಮನೆಯಿಂದ ಕೈಮಗ್ಗದ ಸಪ್ಪಳ ಬಿಟ್ಟುಬಿಟ್ಟು ಕೇಳುತ್ತಿತ್ತು. ಈಗ ಪವರ್‌ಲೂಮಿನದು ಒಂದೇ ಸಮನೆ ಕೇಳುತ್ತಿತ್ತು. ಚಂದ್ರವ್ವ ಬಾಗಿಲಲ್ಲೇ ಬಿಸಿಲಿಗೆ ಸೆಂಡಿಗೆ ಹಾಕುತ್ತಿದ್ದಳು. ನನ್ನನ್ನು ನೋಡಿ ಅವಳ ಕೈ ಹಾಗೇ ನಿಂತಿತು.

"ಅಣ್ಣಾರ! ಒಂದ ಮಾತು ಹೇಳಿ ಬರಬಾರದೇನ್ರಿ?"

"ಹೇಳಿದ್ರ ಮಲಗ್ಯಾರ ಅಂತಿದ್ರಿ ವೈನಿ. ಎಲ್ಲಿ ಅದಾನ ನಿಮ್ಮ ಗಂಡ? ಎಬ್ಬಿಸ್ರಿ ಆ ಸೊಕ್ಕಿನವನ್ನ" ಎಂದು ಒಳಗೇ ನಡೆದೆ. ಅವಳು ಏನೋ ಹೇಳಲು ಹಿಂದೆಯೇ ಬಂದಳು.

ಅವನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ. ಮಗ್ಗದ ಮೇಲೆ ನೂಲಿರಲಿಲ್ಲ. ಬಿಳಿ ಅಂಗಿ, ಒಗೆದ ಧೋತರ, ಟೋಪಿ, ಎಲ್ಲ ಮೊದಲಿನ ಹಾಗೆಯೇ. ನನಗಿಂತ ಗಟ್ಟಿಯಾಗಿದ್ದಾನೆ ಎಂದು ಹೊಟ್ಟೆಕಿಚ್ಚೇ ಆಯಿತು. ನನ್ನನ್ನು ನೋಡಿ ಮುಖವರಳಿಸಿ ನಕ್ಕ.

"ಬರ್ರಿ, ಬರ್ರಿ. ಕುಂದರ್ರಿ" ಅಂದ.

ನಾನು ಬಾಗಿಲಲ್ಲೇ ನಿಂತೆ. ಇಷ್ಟು ವರ್ಷಗಳಲ್ಲಿ ಈ ಮನುಷ್ಯ ನನಗೆ ಒಮ್ಮೆಯೂ 'ರಿ' ಹಚ್ಚಿ ಮಾತಾಡಿದವನಲ್ಲ. ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡೆ.

"ಏನಲೇ, ಭಾಳ ಮರ್ಯಾದಿ ಕಲ್ತೀಯಲ್ಲ?"

"ಹೌದ್ರಿ, ಹೌದ್ರಿ" ಎಂದು ಮತ್ತೆ ನಕ್ಕ. "ಬಿಸಲಾಗ ಬಂದೀರಿ. ನೀರ ಕುಡೀರಿ."

ಚಂದ್ರವ್ವ ನೀರು ತಂದುಕೊಟ್ಟಳು, ಕಣ್ಣೆತ್ತಿ ನೋಡಲಿಲ್ಲ. ನನ್ನ ಸಿಟ್ಟಿಗೆ ಅವನು ಹೀಗೆ ಮಾಡುತ್ತಿದ್ದಾನೆ ಎಂದೇ ನನ್ನ ತಲೆಯಲ್ಲಿ. ಹೆಚ್ಚು ಮಾತು ಬೇಡ, ಬಂದ ಕೆಲಸ ಮುಗಿಸೋಣ ಎಂದು ಅವನ ಎದುರು ಕುಳಿತೆ. "ಲಾಡಬಿದೊಂದು ಪದ ಕಟ್ಟೇನಿ. ಮೂರನೇ ನುಡಿಯಾಗ ಏನೋ ತೊಡಕೈತಿ. ನನಗ ಸಿಗವಲ್ದು. ಕೇಳು, ಕೇಳಿ ಬೈ. ನಾಡದು ಇದನ್ನ ರೆಕಾರ್ಡ್ ಮಾಡ್ತಾರ, ಇದ ಕಡೀ ಪದ" ಎಂದು ಹೇಳಿ ಹಾಡಿದೆ.

ಗಂಟಲು ಒಡೆದಿತ್ತು. ಆದರೂ ಅವನ ಮುಂದೆ ಹಾಡುತ್ತಿದ್ದೇನೆ ಎನ್ನುವ ಹೆದರಿಕೆಗೆ ಅದು ನೆಟ್ಟಗಾಯಿತು. ಅವನು ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಕಣ್ಣು ಮುಚ್ಚಿ ಕೇಳಿದ. ಬೀಸುಕಲ್ಲಿನ ನುಡಿ ಹಾದುಹೋಯಿತು. ಮೂರನೆಯ ನುಡಿ ಬಂತು. ಈಗ ಕೈ ಎತ್ತುತ್ತಾನೆ, ಈಗ 'ಲೇ' ಅಂತಾನೆ ಎಂದು ನಾನು ಅವನ ಮುಖವನ್ನೇ ನೋಡುತ್ತ ಹಾಡಿದೆ. ಕೈ ಎತ್ತಲಿಲ್ಲ. ಪದ ಮುಗಿಯಿತು.

ಅವನು ಕಣ್ಣು ತೆರೆದ. ಕಣ್ಣಲ್ಲಿ ನೀರಿತ್ತು.

"ಭೇಷ್" ಅಂದ. "ಭೇಷ್ ರಿ! ಭಾಳ ಚಲೋ ಹಾಡಿದ್ರಿ."

ಏನು ಹೇಳಲಿ! ನಾನು ಮುದುಕ, ಹೆಂಡತಿಯನ್ನು ಕಳಕೊಂಡವನು, ಗಂಟಲು ಹೋದವನು, ಆದರೂ ಆ ಗಳಿಗೆಯಲ್ಲಿ ಕುಣಿಯಬೇಕು ಅನ್ನಿಸಿತು. ಅಂದಬಿಟ್ಟ! ಚಂದ್ರಶೇಖರಪ್ಪ ಭೇಷ್ ಅಂದಬಿಟ್ಟ! ಮೂರನೆಯ ನುಡಿಯಲ್ಲಿ ಏನೂ ತಪ್ಪಿಲ್ಲ, ನನ್ನ ತಲೆಯಲ್ಲೇ ತಪ್ಪು. ಇದನ್ನು ಲಾಡಬಿಗೆ ಹೇಳಬೇಕು ಎಂದು ಒಂದು ಕ್ಷಣ ಎದ್ದೇಬಿಟ್ಟಿದ್ದೆ.

ಅಷ್ಟರಲ್ಲಿ ಓಣಿಯಲ್ಲಿ ತರಕಾರಿ ಮಾರುವ ಟಂಟಂ ಗಾಡಿ ಬಂತು. ಮೈಕಿನಲ್ಲಿ ರೆಕಾರ್ಡ್ ಮಾಡಿದ ದನಿ, "ಉಳ್ಳಾಗಡ್ಡಿ, ಬಟಾಟಿ, ಟೊಮೇಟೋ, ಬದನಿಕಾಯಿ" ಎಂದು ಒದರುತ್ತ ಹೋಯಿತು. ಚಂದ್ರಶೇಖರಪ್ಪ ತಲೆ ಎತ್ತಿ ಕೇಳಿದ. ಬೆರಳು ತೊಡೆಯ ಮೇಲೆ ಅದೇ ತಾಳ ಹಾಕಿತು.

"ಭೇಷ್ ರಿ!" ಅಂದ. "ಏನ ದನಿ! ಭಾಳ ಚಲೋ ಹಾಡಿದ್ರಿ."

ಅವನ ಕಣ್ಣಲ್ಲಿ ಮತ್ತೆ ಅದೇ ನೀರು. ನಾನು ಕುಳಿತುಬಿಟ್ಟೆ.

ಚಂದ್ರವ್ವ ನನ್ನನ್ನು ಅಡುಗೆಮನೆಯ ಕಡೆ ಕರೆದಳು. ಸೆರಗು ಬಾಯಿಗೆ ಹಿಡಿದುಕೊಂಡು ಹೇಳಿದಳು. "ಎರಡ ವರ್ಷದ ಮ್ಯಾಲಾತ್ರಿ. ಮೊದಲ ಲಾಳಿ ಎಲ್ಲಿಟ್ಟೇನಿ ಅಂತ ಮರೀತಿದ್ರು. ಆಮ್ಯಾಲ ಮಗನ ಹೆಸರು ಹೋತು. ಈಗ ನನ್ನ ಹೆಸರೂ ಇಲ್ಲ. ನಿಮಗ ಗೊತ್ತಾದ್ರ ಅಲಾವಿ ಮುಂದ ಯಾರರ ಆಡಿಕೊಂಡು ಹಾಡ್ಯಾರು ಅಂತ ಮುಚ್ಚಿಟ್ಟೆ."

"ನಾ ಆಡಿಕೊಳ್ತಿದ್ದೆನೇನ್ರಿ ವೈನಿ?"

"ಮೊದಲ ಹೆಂಗ ಇದ್ರು ಗೊತ್ತೈತಲ್ರಿ. ಖಣ ತಗೊಳ್ಳಾಕ ಬಂದವರು ಹೆದರತಿದ್ರು. ನನ್ನ ಸಾರಿಗೆ ಒಂದ ದಿನಾ ಉಪ್ಪು ಸರಿ ಐತಿ ಅಂದವರಲ್ಲ. ಈಗ ಓಣಿಯ ಮಂದೆಲ್ಲ ಬರ್ತಾರ. ಹೊಸ ಸೀರಿ ತೋರಸ್ತಾರ, ಹುಡುಗೂರು ಚಿತ್ರ ತೋರಸ್ತಾವ, ಎಲ್ಲಾರಿಗೂ ಭೇಷ್. ಎಂಥಾ ದೇವರಂಥಾ ಮನಷ್ಯಾ ಆಗ್ಯಾರ ಅಂತಾರ ಮಂದಿ." ಅವಳು ಒಲೆಯ ಕಟ್ಟೆಯನ್ನು ಸುಮ್ಮನೆ ಒರೆಸಿದಳು. "ಮೊನ್ನೆ ನಾ ಬೇಕಂತನ ಸಾರಿಗೆ ಉಪ್ಪು ಹಾಕಲಿಲ್ರಿ. ಬೈತಾರೇನೋ ಅಂತ ಎದುರಿಗೇ ಕುಂತೆ. ತಾಟ ನೆಕ್ಕಿದಂಗ ಉಂಡು ಭೇಷ್ ಅಂದ್ರು. ಹಿತ್ತಲಕ ಹೋಗಿ ಅತ್ತು ಬಂದೆ."

ನನ್ನದು ಕೆಟ್ಟ ಸ್ವಭಾವ. ಇಷ್ಟು ಕೇಳಿದ ಮೇಲೆ ಸಮಾಧಾನ ಹೇಳಬೇಕಿತ್ತು. ನನಗೆ ಬಂದದ್ದು ಸಿಟ್ಟು. ಸಾರು ಬೇರೆ, ಪದ ಬೇರೆ! ಮಗನ ಹೆಸರು ಮರೆಯಲಿ, ಹೆಂಡತಿಯ ಹೆಸರು ಮರೆಯಲಿ, ಪದದೊಳಗಿನ ತಪ್ಪನ್ನು ಇವನು ಮರೆಯುವುದು ಹೇಗೆ? ಅದು ಇವನ ಮೂಳೆಯಲ್ಲಿತ್ತು. ಎಬ್ಬಿಸುತ್ತೇನೆ ಎಂದು ಒಳಗೆ ಹೋಗಿ ಅವನ ಎದುರು ಮತ್ತೆ ಕುಳಿತೆ.

"ಲೇ ಚಂದ್ರ್ಯಾ, ಇದನ್ನ ಕೇಳು" ಅಂದೆ. ಎದೆ ತುಂಬ ಉಸಿರು ತುಂಬಿಕೊಂಡು ಆ ಹಳೆಯ ಹಾಲುಗೂಸಿನ ಪದ ತೆಗೆದೆ, ಅವನು ತಿದ್ದುವ ಮೊದಲು ಇದ್ದ ಹಾಗೆ.

ಹಡದವ್ವನ ಕಣ್ಣೀರು ಹೊಳಿಯಾಗಿ ಹರದೀತ
ಕರ್ಬಲದ ಮರಳಾಗ ದಂಡಿಯ ಮೀರೀತ

ಅವನ ಬೆರಳು ನಿಂತಿತು. ಖರೇ ನಿಂತಿತು, ಚಂದ್ರವ್ವನೂ ನೋಡಿದಳು. ಹುಬ್ಬು ಕೂಡಿದವು. ಮೊದಲಿನ ಹಾಗೆ ಕೈ ಟೋಪಿಯ ಕಡೆ ಹೋಯಿತು. ಬೈಯೋ, ನನ್ನಪ್ಪಾ, ಬೈ. ಕಟುಕ ಅನ್ನು. ಮಂದಿಯೆಲ್ಲ ನಗಲಿ.

ಅವನು ಟೋಪಿ ಸರಿಮಾಡಿಕೊಂಡ.

"ಹೊಳಿ!" ಅಂದ. "ಭೇಷ್ ರಿ, ಏನ ಹೊಳಿ ಹರಿಸಿದ್ರಿ! ಭಾಳ ಚಲೋ ಹಾಡಿದ್ರಿ."

ನಾನು ಅವನ ಎರಡೂ ಕೈ ಹಿಡಿದುಕೊಂಡು ಅತ್ತೆ. ಲಾಡಬಿಗೆ ಬರದ ಅಳು ಅಲ್ಲಿ ಬಂತು. ಅವನು ನನ್ನ ಬೆನ್ನು ಸವರುತ್ತ, "ಇರಲಿ ಬಿಡ್ರಿ, ಇರಲಿ ಬಿಡ್ರಿ" ಎನ್ನುತ್ತಿದ್ದ. ಯಾರೋ ದಾರಿಹೋಕನಿಗೆ ಹೇಳುವ ಹಾಗೆ, ಅಷ್ಟು ಮರ್ಯಾದೆಯಿಂದ. ಚಂದ್ರವ್ವ ರೊಟ್ಟಿ ಬಡಿಯುತ್ತೇನೆ, ಉಂಡು ಹೋಗಿರಿ ಎಂದಳು. ನನ್ನಿಂದ ಕುಳಿತುಕೊಳ್ಳಲಾಗಲಿಲ್ಲ. ಚಹಾ ಕುಡಿದು ಬಸ್ ಸ್ಟ್ಯಾಂಡಿಗೆ ಬಂದೆ.

ಗುರುವಾರವೆಲ್ಲ ಮನೆಯ ಬಾಗಿಲು ಹಾಕಿಕೊಂಡು ಮೂರನೆಯ ನುಡಿಯನ್ನು ಹಿಡಿದು ಕುಳಿತೆ. ಅವನು ಇಲ್ಲದಿದ್ದರೆ ಇಲ್ಲ, ಅವನ ದನಿ ನನ್ನ ಕಿವಿಯಲ್ಲಿದೆಯಲ್ಲ, ಅದನ್ನು ಕೇಳುತ್ತೇನೆ ಎಂದುಕೊಂಡೆ. ಕಣ್ಣು ಮುಚ್ಚಿ ಒಂದೊಂದು ಸಾಲು ಹಾಡಿ ಕಿವಿಗೊಟ್ಟೆ. "ಲೇ ಅಹ್ಮದ್ಯಾ" ಎನ್ನುವುದನ್ನು ಕಾದೆ. ಒಳಗಿನಿಂದ ದನಿ ಬಂತು. "ಭೇಷ್ ರಿ" ಅಂದಿತು. ಬೇಕಂತಲೇ ಕೆಡಿಸಿ ಹಾಡಿದೆ. "ಭಾಳ ಚಲೋ ಹಾಡಿದ್ರಿ" ಅಂದಿತು. ಯಾಕಾದರೂ ಹೋದೆನೋ ಗುಳೇದಗುಡ್ಡಕ್ಕೆ! ಮನೆಯಲ್ಲಿದ್ದಿದ್ದರೆ ಹಳೆಯ ದನಿಯಾದರೂ ಉಳಿಯುತ್ತಿತ್ತು. ಹೊಸದು ಬಂದು ಹಳೆಯದನ್ನು ನುಂಗಿಹಾಕಿತು.

ಶುಕ್ರವಾರ ದರ್ಗಾದ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಸಂಜು ಮೈಕು ಹೂಡಿದ. ಮೇಳ ಹಿಂದೆ ನಿಂತಿತು. ಶುರುಮಾಡುವ ಮೊದಲು ನಾನು ತಿರುಗಿ ನಿಂತು ಕೇಳಿದೆ. "ನೋಡ್ರಪಾ, ಕಡೀ ಸಲ ಕೇಳ್ತೇನಿ. ಮೂರನೇ ನುಡಿ ಇರಲೋ, ತಗೀಲೋ? ಖರೇ ಹೇಳ್ರಿ. ಬೈದ್ರೂ ನಡೀತೈತಿ."

ಸಂಜು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟ. "ಕಾಕಾ, ನೀವು ಕಟ್ಟಿದ್ದಕ್ಕ ನಾವೇನ ಹೇಳೂದೈತ್ರಿ? ಕಾಕೀನ ನೆನಸಿ ಕಟ್ಟೀರಿ. ಅದರಾಗ ತಪ್ಪ ಹುಡಿಕಿದ್ರ ನಾವು ಮನಷ್ಯಾರೇನ್ರಿ?"

ಅವನದು ತಪ್ಪಿಲ್ಲ. ಪ್ರೀತಿಯಿಂದಲೇ ಹೇಳಿದ. ಸತ್ತವಳ ಮೇಲೆ ಕಟ್ಟಿದ ಪದಕ್ಕೆ ತಪ್ಪು ಹೇಳುವ ಎದೆಗಾರಿಕೆ ಯಾರಿಗಿದೆ? ಇದ್ದವನೊಬ್ಬನು ಮಗ್ಗದ ಕುಣಿಯಲ್ಲಿ ಕಾಲು ಬಿಟ್ಟುಕೊಂಡು ತರಕಾರಿ ಗಾಡಿಗೆ ತಲೆದೂಗುತ್ತಿದ್ದಾನೆ. ನಾನು ನಾಲ್ಕೂ ನುಡಿ ಹಾಡಿದೆ. ಕೂದಲು ನಾಲಿಗೆಗೆ ತಾಗಿತು, ನುಂಗಿದೆ.

ಸಂಜುವಿನ ಚಾನೆಲ್ಲಿನಿಂದ ಪದ ಹಬ್ಬಿತು. ಇಳಕಲ್‌ನಿಂದ ಫೋನ್ ಬಂತು, ಬಾದಾಮಿಯಿಂದ ಬಂತು. ಕುಳಗೇರಿ ಕ್ರಾಸಿನ ಹೋಟೆಲಿನಲ್ಲಿ ಹಚ್ಚಿದ್ದರು ಎಂದು ಬಸ್ ಡ್ರೈವರು ಹೇಳಿದ. ಎಲ್ಲರೂ ಹೇಳುವುದು ಒಂದೇ, ಆ ಮೂರನೆಯ ನುಡಿ ಬಂದಾಗ ತಡೆಯಲಾಗದೆ ಅತ್ತುಬಿಟ್ಟೆವು. ಯಾರೋ ಹುಡುಗಿ ಆ ನುಡಿಯನ್ನಷ್ಟೇ ಕತ್ತರಿಸಿ ಸತ್ತ ತನ್ನ ಅಜ್ಜಿಯ ಫೋಟೊಕ್ಕೆ ಹಚ್ಚಿದ್ದಳು.

ಒಂದು ದಿನ ಸಂಜೆ ನಾನು ಮನೆಯಲ್ಲಿ ಚಹಾಕ್ಕೆ ಹಾಲು ಇಟ್ಟಿದ್ದೆ. ಬಾಜು ಮನೆಯವರ ಮೊಬೈಲಿನಲ್ಲಿ ನನ್ನದೇ ಪದ ಕೇಳಿಸಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಮೂರನೆಯ ನುಡಿ ಬಂತು. ಅಳಬ್ಯಾಡ ನನ ರಾಯಾ, ಕಣ್ಣೀರ ಸುರಿಸಬ್ಯಾಡ. ಹಿಂದಿನಿಂದ ಸುರ್ರೆಂದು ಸಪ್ಪಳವಾಯಿತು. ತಿರುಗಿ ನೋಡುತ್ತೇನೆ, ಹಾಲು ಉಕ್ಕಿ ಒಲೆಯ ತುಂಬ ಹರಿದು ಕಟ್ಟೆಯಿಂದ ಕೆಳಗೆ ತೊಟ್ಟಿಕ್ಕುತ್ತಿದೆ.

ಗ್ಯಾಸ್ ಆರಿಸಿದೆ. ಅಲ್ಲೇ ನೆಲದ ಮೇಲೆ ಕುಳಿತೆ. ಆಗ ಕೂದಲು ಕೈಗೆ ಬಂತು.

ಲಾಡಬಿ ಹಾಗೆ ಅನ್ನಲೇ ಇಲ್ಲ. ಅಳಬೇಡ ಅನ್ನಲಿಲ್ಲ, ಕಾಯುತ್ತೇನೆ ಅನ್ನಲಿಲ್ಲ. ರಾಯಾ ಗೀಯಾ ಎಂದು ನನ್ನನ್ನು ಎಂದೂ ಕರೆದವಳಲ್ಲ. ಹಾಲು ಉಕ್ಕತೈತಿ ನೋಡ್ರಿ ಅಂದಳು. ಅದೇ ನಾನು ಕಂಡದ್ದು. ಜನ್ನತ್ತಿನ ಬಾಗಿಲು ನಾನು ಕೇಳಿದ್ದು. ಅವಳು ಒಂದು ಒಳ್ಳೆಯ ಮಾತಾದರೂ ಹೇಳಿ ಹೋಗಬೇಕಿತ್ತು ಎಂಬ ನನ್ನ ಹೊಟ್ಟೆಯ ಉರಿಗೆ ನಾನೇ ಕಟ್ಟಿ ಅವಳ ಬಾಯಲ್ಲಿ ಹಾಕಿದ ಮಾತು ಅದು.

ಚಪ್ಪಲಿ ಹಾಕಿಕೊಳ್ಳದೇ ಸಂಜುವಿನ ಅಂಗಡಿಗೆ ಹೋದೆ. "ಆ ಪದ ತಗಿ" ಅಂದೆ. "ಮೂರನೇ ನುಡಿ ಸುಳ್ಳೈತಿ. ನಿಮ್ಮ ಕಾಕಿ ಹಂಗ ಅಂದಿಲ್ಲ. ಬ್ಯಾರೆ ಹಾಡ್ತೇನಿ."

"ಏನ ಹಾಡ್ತೀರಿ ಕಾಕಾ ಈ ಗಂಟಲಾಗ?" ಎಂದ ಸಂಜು, ಮೆಲ್ಲಗೆ. ನನ್ನ ಗಂಟಲಿನಿಂದ ಆ ಮಾತುಗಳೇ ಸರಿಯಾಗಿ ಹೊರಬಂದಿರಲಿಲ್ಲ. ಶುಕ್ರವಾರದ ಹಾಡು ಇದ್ದಷ್ಟನ್ನೂ ಬಳಿದುಕೊಂಡು ಹೋಗಿತ್ತು. ಅವನು ಮೊಬೈಲ್ ನನ್ನ ಮುಂದೆ ಹಿಡಿದ. "ಇಲ್ಲೆ ನೋಡ್ರಿ. ಇವರೆಲ್ಲಾ ಅದೇ ನುಡಿ ಹಿಡಕೊಂಡು ಬರದಾರ. ಹೆಂಡ್ತಿ ಸತ್ತಾವ ಒಬ್ಬಾವ ಬರದಾನ, ಈ ನುಡಿ ಕೇಳಿ ಸಮಾಧಾನ ಆತು ಅಂತ. ಇದನ್ನ ಹೆಂಗ ತಗೀಲ್ರಿ ಕಾಕಾ?"

ಬಂದ ದಾರಿ ಹಿಡಿದು ಮನೆಗೆ ಬಂದೆ. ಒಲೆಯ ಕಟ್ಟೆಯ ಮೇಲೆ ಹಾಲು ಒಣಗಿ ಹಿಡಿದುಕೊಂಡಿತ್ತು. ಅದನ್ನು ತಿಕ್ಕಿ ತೊಳೆಯುತ್ತ ಹೊಸ ನುಡಿ ಕಟ್ಟಿದೆ. ಕಟ್ಟುವುದೇನು ಬಂತು, ತಾನಾಗಿಯೇ ಬಂತು ಅನ್ನಬೇಕು:

ಹಾಲು ಉಕ್ಕತೈತಿ ನೋಡ್ರಿ ಅಂದಾಳ
ಒಲಿಯ ಆರಿಸಿ ನಾನು ತಿರುಗಿ ಬರೂದ್ರಾಗ
ಗೋಡಿಗಿ ತಲಿ ಆನಿಸಿ ಕುಂತಾಳ

ದನಿ ಇಲ್ಲದ ಗಂಟಲಲ್ಲಿ, ತುಟಿಯ ಮೇಲಷ್ಟೇ ಹಾಡಿ ನೋಡಿದೆ. ಕಣ್ಣು ಮುಚ್ಚಿ ಕಿವಿಗೊಟ್ಟು ಕುಳಿತೆ. ಇದು ನಿಂತಿತೇ? ಬರೀ ಹಾಲಿನ ಮಾತಾಗಿ ಮಂದಿ ನಗುವಂತಾಯಿತೇ? ಮೊದಲಿನದೇ ವಾಸಿಯಿತ್ತೇ? ಲೇ ಚಂದ್ರ್ಯಾ, ಹೇಳೋ. ಇದು ಬಿಡುವ ಹೊಳೆಯೋ, ಇಟ್ಟುಕೊಳ್ಳುವ ಸೆರಗೋ, ಒಂದು ಮಾತು ಹೇಳೋ.

"ಭೇಷ್ ರಿ," ಅಂದಿತು ಕಿವಿಯೊಳಗಿನ ದನಿ. "ಭಾಳ ಚಲೋ ಹಾಡಿದ್ರಿ."